ಇವತ್ತು ನಾವೆಷ್ಟು?

ಟೆಲಿಫೋನು ಕಂಡುಹಿಡಿದವರು ಯಾರೆಂದು ಕೇಳಿದರೆ ನೀವು ಯಾರೋ ಬಿಳಿಗಡ್ಡದ ದೊರೆಯ ಹೆಸರು ಹೇಳುತ್ತೀರಿ. ಪರೀಕ್ಷೆಗೆ ಅದೇ ಸರಿ, ಬರೆದುಬಿಡಿ. ಆದರೆ ಅದೇ ಟೆಲಿಫೋನನ್ನು, ಎದುರು ಮನೆಯವರ ಜೊತೆ ಮಾತಾಡಬೇಕಾದರೆ ಮೊದಲು ಎದುರು ಮನೆಗೆ ನಡೆದುಹೋಗಿ ಅವರ ನಂಬರು ಕೇಳಿಕೊಂಡು, ವಾಪಸು ಬಂದು, ಚಪ್ಪಲಿ ಬಿಟ್ಟು, ಆಮೇಲೆ ಫೋನು ಮಾಡಬೇಕಾದ ಯಂತ್ರವನ್ನಾಗಿ ಸುಧಾರಿಸಿದವನು ನಮ್ಮ ಚಿಕ್ಕಪ್ಪ. ಈ ಸಾಧನೆಗೆ ಸರ್ಕಾರ ಅವನಿಗೆ ಯಾವ ಬಿರುದನ್ನೂ ಕೊಡಲಿಲ್ಲ. ನಮ್ಮ ವಠಾರದವರು ಕೊಟ್ಟರು. ಅವುಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಚಿಕ್ಕಪ್ಪನನ್ನು ಅವನು, ಇವನು ಎಂದು ಬರೆಯುತ್ತಿದ್ದೇನೆಂದು ಹಿರಿಯರು ಮುಖ ಸಿಂಡರಿಸಬಾರದು. ನಮ್ಮ ಮನೆಯಲ್ಲಿ ಅಪ್ಪನಿಗೆ ಬಹುವಚನ, ಚಿಕ್ಕಪ್ಪನಿಗೆ ಏಕವಚನ, ನನಗೆ ಬೈಗುಳ. ಈ ವ್ಯವಸ್ಥೆ ನಾನು ಮಾಡಿದ್ದಲ್ಲ.

ರಾಜಾಜಿನಗರದ ಒಂದು ವಠಾರ ನಮ್ಮದು. ನಡುವೆ ಅಂಗಳ, ಸುತ್ತ ಏಳು ಮನೆ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಚಿಕ್ಕಪ್ಪ ಟೆಲಿಫೋನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ದೇಶಕ್ಕೆಲ್ಲ ಫೋನು ಮಾಡಿಕೊಡುವವನ ಮನೆಯಲ್ಲಿ ಮಾತ್ರ ಫೋನಿರಲಿಲ್ಲ. ಅರ್ಜಿ ಹಾಕಿದ್ದ, ಇಲ್ಲವೆನ್ನಲಾರೆ. ಅವನು ಅರ್ಜಿ ಹಾಕಿದಾಗ ನನಗೆ ಮೀಸೆ ಬಂದಿರಲಿಲ್ಲ. ಆಮೇಲೆ ಮೀಸೆ ಬಂತು, ದಪ್ಪ ಮೀಸೆಯ ಫ್ಯಾಷನ್ನು ಬಂತು, ಮೀಸೆ ಬೋಳಿಸುವ ಫ್ಯಾಷನ್ನೂ ಬಂತು. ನಾನು ಜ್ಞಾನಭಾರತಿಯ ಬಸ್ಸು ಹತ್ತಿ ಚರಿತ್ರೆಯಲ್ಲಿ ಎಂ.ಎ. ಓದತೊಡಗಿದೆ. ಫೋನು ಬರಲಿಲ್ಲ.

ಆದರೆ ಚಿಕ್ಕಪ್ಪ ಫೋನು ಕಟ್ಟಿದ್ದು ಫೋನಿನ ಆಸೆಗಲ್ಲ. ಅದನ್ನು ಹೇಳಬೇಕಾದರೆ ಒಂದು ಕರೆಗಂಟೆಯ ವಿಷಯ ಹೇಳಬೇಕು.

ಅವನಿಗೆ ಹೆಣ್ಣು ನೋಡಲು ಕಾಮಾಕ್ಷಿಪಾಳ್ಯದ ಆಚೆ ಒಂದು ಮನೆಗೆ ಹೋಗಿದ್ದೆವು. ಅಪ್ಪ ಆ ಮನೆಯ ಯಜಮಾನರಿಗೆ ಆಗಲೇ ಮುಕ್ಕಾಲು ಮಾತು ಕೊಟ್ಟಿದ್ದರು. ಉಳಿದ ಕಾಲು ಮಾತನ್ನು ಉಪ್ಪಿಟ್ಟು ತಿಂದಾದ ಮೇಲೆ ಕೊಡುವುದೆಂದು ಇಟ್ಟುಕೊಂಡಿದ್ದರು. ನಮ್ಮ ಅಪ್ಪ ಮಾತು ಕೊಟ್ಟರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಅವರ ಆಫೀಸಿನಲ್ಲಿ ಸಹಿಯ ಬದಲು ಅವರ ಮಾತನ್ನೇ ಒಪ್ಪಿಕೊಳ್ಳುತ್ತಿದ್ದರಂತೆ. ಹೀಗೆಂದು ಅಪ್ಪನೇ ಹೇಳುತ್ತಿದ್ದರು.

ಬಾಗಿಲಲ್ಲಿ ಅಪ್ಪ ಕರೆಗಂಟೆ ಒತ್ತಿದರು. ಅದು ಸದ್ದು ಮಾಡಲಿಲ್ಲ. ಕದ ತಟ್ಟಿ ಒಳಗೆ ಹೋದೆವು. ಹುಡುಗಿ ಕಾಫಿ ತಂದಳು, ಎಲ್ಲರಿಗೂ ಕೊಟ್ಟಳು. ತಟ್ಟೆಯಲ್ಲಿ ಒಂದು ಲೋಟ ಉಳಿಯಿತು. ಗಂಡೆಲ್ಲಿ? ಗಂಡು ಹೊರಗೆ ಸ್ಟೂಲಿನ ಮೇಲೆ ನಿಂತು ಗಂಟೆಯ ಹೊಟ್ಟೆ ಬಗೆಯುತ್ತಿತ್ತು. ಹುಡುಗಿ ದೇವರನಾಮ ಶುರು ಮಾಡಿದಳು. ಎರಡನೆಯ ಚರಣಕ್ಕೆ ಸರಿಯಾಗಿ ಹೊರಗಿನಿಂದ ಟ್ರಿಣ್ಣ್ಣ್ ಎಂದು ಮಂಗಳಾರತಿಯಾಯಿತು. ಕೈಗೆಲ್ಲ ಮಸಿ ಬಳಿದುಕೊಂಡು ಒಳಗೆ ಬಂದ ಚಿಕ್ಕಪ್ಪನನ್ನು ಹುಡುಗಿಯ ತಂದೆ, "ಏನನ್ನಿಸ್ತಪ್ಪ?" ಎಂದು ಮೆತ್ತಗೆ ಕೇಳಿದರು.

"ಸ್ಪ್ರಿಂಗ್ ಸಡಿಲ ಆಗಿತ್ತು ಸಾರ್. ಬೇರೇನೂ ದೋಷ ಇಲ್ಲ," ಎಂದ ಚಿಕ್ಕಪ್ಪ. ಆಮೇಲೆ ಅಪ್ಪನ ಕಡೆ ತಿರುಗಿ, "ಹೊರಡೋಣ್ವಾ ಅಣ್ಣ?" ಎಂದ.

ವಠಾರದ ಗೇಟಿನಲ್ಲಿ ನಿಂತು ಅಪ್ಪ ಒಂದೇ ಮಾತು ಹೇಳಿದರು: "ಇನ್ನು ನಿನ್ನ ಮುಖ ನೋಡಲ್ಲ."

ಬೇರೆಯವರು ಹೇಳಿದ್ದರೆ ಅದು ಒಂದು ವಾರದ ಮಾತು. ಹೇಳಿದವರು ಅಪ್ಪ. ಚಿಕ್ಕಪ್ಪ ಹಾಸಿಗೆ ಸುತ್ತಿಕೊಂಡು ಅಂಗಳದ ಎದುರು ಖಾಲಿಯಿದ್ದ ಒಂಟಿ ಕೋಣೆಯ ಮನೆಗೆ ಹೋದ. ಎರಡು ದೀಪಾವಳಿ ಕಳೆದವು, ಅಪ್ಪ ಅವನ ಮುಖ ನೋಡಲಿಲ್ಲ. ಇಪ್ಪತ್ತು ಅಡಿ ಅಂಗಳದಲ್ಲಿ ಇದೇನು ಸುಲಭದ ಕೆಲಸವೆಂದುಕೊಂಡಿರಾ? ಬೆಳಿಗ್ಗೆ ನಲ್ಲಿಗೆ ಹೋಗುವಾಗ ಅಪ್ಪ ಪೇಪರನ್ನು ಜಟಕಾ ಕುದುರೆಯ ಕಣ್ಣುಪಟ್ಟಿಯ ಹಾಗೆ ಎಡಗೆನ್ನೆಗೆ ಹಿಡಿದು ಹೋಗುತ್ತಿದ್ದರು, ಬರುವಾಗ ಬಲಗೆನ್ನೆಗೆ. ಕಾಲಿಗೆ ಬಕೆಟ್ಟು ತಗುಲಿ ಬಿದ್ದಾಗಲೂ ಪೇಪರು ಕೆನ್ನೆಯಿಂದ ಕದಲಲಿಲ್ಲ.

ಮಾತೆಲ್ಲ ನನ್ನ ಮೂಲಕ. "ಅವನಿಗೆ ಹೇಳು, ನಲ್ಲಿ ನೀರೆಲ್ಲ ಒಬ್ಬನೇ ಸುರ್ಕೊಳ್ಳೋದು ಮನುಷ್ಯರ ಲಕ್ಷಣ ಅಲ್ಲ ಅಂತ." ನಾನು ಅಂಗಳ ದಾಟಿ, ಅಪ್ಪನ ಹಾಗೆಯೇ ಮೊದಲು ಗಂಟಲು ಸರಿಮಾಡಿಕೊಂಡು, ಅದೇ ದನಿಯಲ್ಲಿ ಒಪ್ಪಿಸುತ್ತಿದ್ದೆ. ಚಿಕ್ಕಪ್ಪ ಮೂಗು ಕೆರೆದುಕೊಂಡು ಕೊಟ್ಟ ಉತ್ತರವನ್ನು ನಾನೂ ಮೂಗು ಕೆರೆದುಕೊಂಡು ತಂದೊಪ್ಪಿಸುತ್ತಿದ್ದೆ. ಬೇರೆಯವರು ಕಾಲೇಜಿನ ಬಹುಮಾನಕ್ಕಾಗಿ ಮಿಮಿಕ್ರಿ ಕಲಿಯುತ್ತಾರೆ. ನಾನು ಕುಟುಂಬ ಕಲಹದಿಂದ ಕಲಿತವನು. ಈಗ ಇಡೀ ವಠಾರದ ದನಿ ನನ್ನ ಗಂಟಲಲ್ಲಿದೆ. ಬಳಸದೆ ತುಕ್ಕು ಹಿಡಿದಿರುವುದು ನನ್ನ ಸ್ವಂತ ದನಿಯೊಂದೇ. ಮೊನ್ನೆ ಬಸ್ಸಿನಲ್ಲಿ ಒಬ್ಬಳು ಹುಡುಗಿ ಟೈಮೆಷ್ಟು ಎಂದು ಕೇಳಿದರೆ ಅಪ್ಪನ ದನಿಯಲ್ಲಿ ಹೇಳಿಬಿಟ್ಟೆ. ಅವಳು ಎದ್ದು ನನಗೆ ಸೀಟು ಬಿಟ್ಟುಕೊಟ್ಟಳು.

ಇಂಥ ಹೊತ್ತಿನಲ್ಲಿ ಚಿಕ್ಕಪ್ಪ ಗುಜರಿಯಿಂದ ತೂಕದ ಲೆಕ್ಕದಲ್ಲಿ ಏಳು ಸತ್ತ ಫೋನುಗಳನ್ನು ತಂದ. ಕಪ್ಪಗೆ, ಭಾರವಾಗಿ, ರುಬ್ಬುವ ಕಲ್ಲಿನ ಸಂಬಂಧಿಕರ ಹಾಗಿದ್ದವು. ಭಾನುವಾರಗಳಲ್ಲಿ ಕೂತು ಅವುಗಳಿಗೆ ಜೀವ ಬರಿಸಿದ. ಮನೆಗೊಂದು ಕೊಟ್ಟ. ಅಂಗಳದ ಮೇಲೆ ತಂತಿ ಎಳೆದ. ಎಲ್ಲ ತಂತಿಗಳೂ ಅವನ ಕೋಣೆಯಲ್ಲಿದ್ದ ಒಂದು ಹಳೇ ಬೀರುವಿನೊಳಗೆ ಹೋಗಿ ಸೇರುತ್ತಿದ್ದವು. ಅದೇ ಅವನ ಎಕ್ಸ್‌ಚೇಂಜು. ಯಾರಾದರೂ ಫೋನು ಮಾಡಿದರೆ ಬೀರುವಿನೊಳಗೆ ಟಕ್ ಟಕಾ ಟಕ್ ಎಂದು ಇಲಿಗಳ ಮದುವೆ ನಡೆಯುತ್ತಿತ್ತು. ಮೊದಲ ದಿನ ನಮ್ಮ ಪಕ್ಕದ ಮನೆಯ ಹುಬ್ಬಳ್ಳಿ ಕಡೆಯ ಆಂಟಿ ಬಟ್ಟೆಯ ತಂತಿ ಯಾವುದು, ಮಾತಿನ ತಂತಿ ಯಾವುದು ತಿಳಿಯದೆ ಮಾತಿನ ತಂತಿಯ ಮೇಲೆ ಯಜಮಾನರ ಲುಂಗಿ ಒಣಹಾಕಿದರು. ಅವತ್ತು ಎಲ್ಲರ ಮಾತೂ ಒದ್ದೆಯಾಗಿತ್ತು.

ನಮ್ಮ ಮನೆಗೆ ಫೋನು ಬಂದಾಗ ಅಪ್ಪ, "ಅದು ನನ್ನ ಮನೆಯೊಳಗೆ ಬರಕೂಡದು," ಎಂದರು. "ಸರಿ, ಅಡುಗೆಮನೇಲಿ ಇರ್ಲಿ. ಅದು ನನ್ನ ಮನೆ," ಎಂದರು ಅಮ್ಮ. ಒಲೆಯ ಪಕ್ಕ, ಕಿಟಕಿಯ ಕೆಳಗೆ ಫೋನು ಕೂತಿತು. ಆ ಕಿಟಕಿಗೆ ಸರಿಯಾಗಿ ಎದುರು, ಅಂಗಳದಾಚೆ, ಚಿಕ್ಕಪ್ಪನ ಕಿಟಕಿ.

ಈಗ ನಂಬರಿನ ವಿಷಯ. ಹೆದರಬೇಡಿ, ಚರಿತ್ರೆಯ ವಿದ್ಯಾರ್ಥಿಗೆ ಅರ್ಥವಾದದ್ದು ಯಾರಿಗಾದರೂ ಅರ್ಥವಾಗುತ್ತದೆ. ಕರೆಂಟು ಹೋದರೆ ಆ ಬೀರು ಎಲ್ಲವನ್ನೂ ಮರೆಯುತ್ತಿತ್ತು. ಕರೆಂಟು ಬಂದ ಮೇಲೆ ಯಾರು ಮೊದಲು ರಿಸೀವರ್ ಎತ್ತುತ್ತಾರೋ ಅವರು ಒಂದು. ಆಮೇಲೆ ಎತ್ತಿದವರು ಎರಡು. ಹೀಗೆ ಏಳರವರೆಗೆ. ನಮ್ಮ ಕಡೆ ಕರೆಂಟು ಹೋಗದ ದಿನ ಯಾವುದಿತ್ತು? ನಿನ್ನೆ ನಾಲ್ಕಾಗಿದ್ದವರು ಇವತ್ತು ಆರು. ಬೆಳಿಗ್ಗೆ ಎರಡಾಗಿದ್ದವರು ಸಂಜೆಗೆ ಏಳು.

ಹಾಗಾದರೆ ನಾವೆಷ್ಟೆಂದು ನಮಗೆ ಗೊತ್ತಾಗುವುದು ಹೇಗೆ? ಅದಕ್ಕೂ ಚಿಕ್ಕಪ್ಪ ಉಪಾಯ ಮಾಡಿದ್ದ. ಸೊನ್ನೆ ತಿರುಗಿಸಿ ರಿಸೀವರ್ ಇಟ್ಟುಬಿಡಬೇಕು. ನಿಮ್ಮ ಫೋನೇ ನಿಮಗೆ ಗಂಟೆ ಬಾರಿಸಿ ಹೇಳುತ್ತದೆ. ಐದು ಸಲ ಬಾರಿಸಿದರೆ ನೀವು ಐದು. ದೊಡ್ಡ ದೊಡ್ಡ ಋಷಿಗಳು ನಾನು ಯಾರೆಂದು ತಿಳಿಯಲು ಕಾಡಿಗೆ ಹೋಗುತ್ತಿದ್ದರು. ನಮ್ಮ ವಠಾರದಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಲೇ ತಿಳಿದುಕೊಳ್ಳುತ್ತಿದ್ದರು. ತಾಪತ್ರಯವೆಂದರೆ, ನಾವೆಷ್ಟೆಂದು ನಮಗೆ ಗೊತ್ತಾಗುತ್ತಿತ್ತೇ ಹೊರತು ಅವರೆಷ್ಟೆಂದು ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಅವರ ಮನೆಗೇ ಹೋಗಬೇಕು. "ರೀ, ಇವತ್ತು ನೀವೆಷ್ಟು?" "ಮೂರು ಕಣ್ರೀ, ನೀವು?" "ನಾವು ಆರು. ಇರಿ, ಹೋಗಿ ಫೋನ್ ಮಾಡ್ತೀನಿ."

ಇದರಿಂದ ಅತ್ಯಂತ ನೊಂದವರು ವಠಾರದ ಮಾಲೀಕರು. ಏಳು ಮನೆಯ ಒಡೆಯರಾದ ತಾವು ಐದು, ಆರು ಎಂದೆಲ್ಲ ಆಗುವುದು ಅವರಿಗೆ ಸಹಿಸಲಾಗಲಿಲ್ಲ. ಕರೆಂಟು ಹೋದ ಕೂಡಲೇ ರಿಸೀವರಿನ ಮೇಲೆ ಕೈಯಿಟ್ಟು, ಓಟದ ಪಂದ್ಯದ ಹುಡುಗರ ಹಾಗೆ ಬಗ್ಗಿ ಕೂರುತ್ತಿದ್ದರು. ಆದರೂ ದಿನವೂ ಗೆಲ್ಲುತ್ತಿದ್ದವರು ಹುಬ್ಬಳ್ಳಿ ಆಂಟಿ.

"ಏನಮ್ಮಾ, ಇವತ್ತೂ ನೀವೇ ಒಂದಾ?" ಎಂದು ಮಾಲೀಕರು ನಲ್ಲಿಯ ಹತ್ತಿರ ಕೇಳಿದರು.

"ಹೌದ್ರೀ. ದೀಪ ಹತ್ತೂದ್ರಾಗ ನಾ ಎತ್ತೇ ಬಿಟ್ಟಿದ್ನಿ. ನೀವೂ ಲಗೂನ ಎತ್ರೀ, ಯಾರ್ ಬ್ಯಾಡ ಅಂದಾರ?"

ದಿನವೂ ಮನೆಮನೆ ಅಲೆಯುವುದು ತಪ್ಪಲೆಂದು ಬಾಗಿಲ ಮುಂದಿನ ರಂಗೋಲಿಯ ಕೆಳಗೆ ಆಯಾ ಹೊತ್ತಿನ ನಂಬರು ಬರೆಯುವ ಪದ್ಧತಿ ತಂದವರೂ ಆಂಟಿಯೇ. ಕರೆಂಟು ಹೋಗಿ ಬಂದರೆ ಆರು ಮನೆಯ ಹೆಂಗಸರು ಒಟ್ಟಿಗೆ ಹೊರಬಂದು ಅಂಕಿ ಅಳಿಸಿ ಅಂಕಿ ಬರೆಯುತ್ತಿದ್ದರು. ಇದನ್ನು ಕಂಡ ಪಕ್ಕದ ಬೀದಿಯವರು ಯಾವುದೋ ಹೊಸ ವ್ರತವಿರಬೇಕೆಂದು ತಾವೂ ಬರೆಯತೊಡಗಿದರು. ಒಬ್ಬರಿಗೆ ಒಂಬತ್ತು ಬರೆದ ಮೇಲೆ ಮಗಳಿಗೆ ಗಂಡು ಗೊತ್ತಾಯಿತಂತೆ.

ಅಂಕಿಯಿಲ್ಲದ ಬಾಗಿಲು ಒಂದೇ, ಚಿಕ್ಕಪ್ಪನದು. ಬ್ರಹ್ಮಚಾರಿಯ ಮನೆಯ ಮುಂದೆ ರಂಗೋಲಿ ಯಾರು ಹಾಕುತ್ತಾರೆ?

ನಮ್ಮ ಮನೆಗೆ ಫೋನು ಬಂದ ಸುದ್ದಿ ಕೆಂಗೇರಿಯಲ್ಲಿದ್ದ ನನ್ನ ಸೋದರಮಾವನಿಗೆ ತಲುಪಿತು. ಒಂದು ಮದುವೆಯಲ್ಲಿ ಸಿಕ್ಕವರು ನಂಬರು ಕೇಳಿದರು. ನಾನು, "ನಾಲ್ಕು," ಎಂದೆ. "ನಾಲ್ಕು... ಆಮೇಲೆ?" ಎಂದರು. "ಅಷ್ಟೇ ಮಾವ," ಎಂದೆ. ಮುಂದಿನ ವಾರವೇ ಬಸ್ಸು ಹಿಡಿದು ಬಂದರು. ಮೆಡಿಕಲ್ ಸ್ಟೋರಿನ ಫೋನಿನಲ್ಲಿ ನಾಲ್ಕು ತಿರುಗಿಸಿ ಕಾದು ಕಾದು, ಅಂಗಡಿಯವನಿಂದ ಬೈಸಿಕೊಂಡು ಬಂದಿದ್ದರು.

"ಏನಯ್ಯಾ ನಿನ್ನ ನಂಬರು? ಕೆಂಗೇರಿಯಿಂದ ಹತ್ತೋದೇ ಇಲ್ವಲ್ಲ," ಎಂದು ಚಿಕ್ಕಪ್ಪನನ್ನು ತರಾಟೆಗೆ ತೆಗೆದುಕೊಂಡರು.

"ಅದು ಅಂಗಳದ ಒಳಗಿನ ನಂಬರು ಭಾವ. ಗೇಟು ದಾಟಿದ್ರೆ ಅದಕ್ಕೆ ಅರ್ಥ ಇಲ್ಲ. ವಿಜಯನಗರದಲ್ಲಿ ನನ್ನ ಸ್ನೇಹಿತ ಒಬ್ಬ ಅವನ ವಠಾರಕ್ಕೂ ಹಿಂಗೇ ಮಾಡ್ಕೊಂಡಿದಾನೆ. ಅಲ್ಲೂ ಒಂದು ನಾಲ್ಕು ಇದೆ, ಇಲ್ಲೂ ಒಂದು ನಾಲ್ಕು ಇದೆ. ಜಗಳ ಏನಿಲ್ಲ."

"ಅದು ಹೆಂಗೆ?"

"ನಿಮ್ಮನೇಲಿ ಮಗೂನ ಏನಂತ ಕರೀತೀರಿ?"

"ಪುಟ್ಟ ಅಂತ."

"ಬೆಂಗಳೂರಲ್ಲಿ ಎಷ್ಟು ಮನೇಲಿ ಪುಟ್ಟ ಇದಾರೆ? ನಿಮ್ಮಾಕೆ ಅಡುಗೆಮನೆಯಿಂದ ಪುಟ್ಟಾ ಅಂದ್ರೆ ಅವರೆಲ್ಲ ಓಡಿಬರ್ತಾರಾ? ನಿಮ್ಮ ಪುಟ್ಟ ಒಬ್ನೇ ಬರೋದು. ಇದೂ ಹಂಗೇ."

"ನಮ್ಮ ಪುಟ್ಟ ಕರೆದ್ರೆ ಬರಲ್ಲ ಕಣಯ್ಯ," ಎಂದರು ಮಾವ.

ಇಷ್ಟೆಲ್ಲ ಬುದ್ಧಿಯಿರುವವನಿಗೆ ಬೀರುವಿನ ಮರೆವು ಸರಿಮಾಡಲು ಬರುವುದಿಲ್ಲವೇ? ನಾನೊಮ್ಮೆ ಕೇಳಿಯೇಬಿಟ್ಟೆ. "ಮನೆಗೊಂದು ನಂಬರು ಅಂತ ಗಟ್ಟಿ ಮಾಡಿಬಿಡು ಚಿಕ್ಕಪ್ಪ. ಈ ಗೋಳು ಯಾಕೆ?"

"ಮಾಡಬಹುದು," ಎಂದು ಮೂಗು ಕೆರೆದುಕೊಂಡ. "ಬೇಡ ಬಿಡು."

ಮನೆಗೆ ಬಂದು ಅಮ್ಮನ ಮುಂದೆ ಇದನ್ನು ಅಭಿನಯಿಸಿ ತೋರಿಸಿ ನಗತೊಡಗಿದೆ. ಅಮ್ಮ ನಗಲಿಲ್ಲ. ಬೀನ್ಸಿನ ನಾರು ತೆಗೆಯುತ್ತ ಹೇಳಿದರು: "ಎಂ.ಎ. ಓದಿ ಏನು ಬಂತೋ ನಿಂಗೆ? ಅವನ ನಂಬರು ಇಂಥದ್ದೇ ಅಂತ ಗೊತ್ತಾದ್ರೆ ನಿಮ್ಮಪ್ಪ ಅದನ್ನ ತಿರುಗಿಸ್ತಾರಾ? ಸಾಯೋವರೆಗೂ ಇಲ್ಲ. ಹಿಂಗಿದ್ರೆ, ಯಾರಿಗೋ ಮಾಡೋಕೆ ಹೋಗಿ ಒಂದಿನ ತಪ್ಪಿ ಅವನಿಗೆ ಹೋಗ್ಲಿ ಅಂತ. ಮುಖ ನೋಡಲ್ಲ ಅಂತ ತಾನೇ ಇವರು ಹೇಳಿರೋದು? ಫೋನಲ್ಲಿ ಮುಖ ಎಲ್ಲಿ ಕಾಣುತ್ತೆ?"

ಏಳು ಮನೆಗೆ ತಂತಿ ಎಳೆದದ್ದು ಒಂದು ಮನೆಗಾಗಿ. ಆ ಮನೆಯ ಯಜಮಾನರಾದರೋ ಅಡುಗೆಮನೆಗೆ ಕಾಲಿಟ್ಟರೆ ಫೋನಿಗೂ ಪೇಪರು ಅಡ್ಡ ಹಿಡಿಯುತ್ತಿದ್ದರು.

ಕಾದು ಸಾಕಾಗಿ ಅಮ್ಮನೇ ಒಂದು ದಿನ ನನಗೆ ಅಪ್ಪಣೆ ಮಾಡಿದರು: "ನಿಮ್ಮಪ್ಪನ ದನೀಲಿ ಅವನ ಹತ್ರ ಎರಡು ಮಾತಾಡು. ಪಾಪ, ಹುಡುಗ ಸಂತೋಷಪಡ್ಲಿ." ನಲವತ್ತು ಸಮೀಪಿಸಿದ ಹುಡುಗ. ನಾನು ಹೋಗಿ ಅವನೆಷ್ಟೆಂದು ಕೇಳಿಕೊಂಡು ಬಂದು, ಫೋನು ತಿರುಗಿಸಿ, ಗಂಟಲು ಸರಿಮಾಡಿಕೊಂಡು, "ಏನಪ್ಪಾ, ಚೆನ್ನಾಗಿದೀಯಾ? ಕೆಲಸ ಕಾರ್ಯ ಎಲ್ಲ ಹೇಗೆ ನಡೀತಿದೆ?" ಎಂದೆ. ನನ್ನ ಬಾಳಿನ ಅತ್ಯುತ್ತಮ ಪ್ರದರ್ಶನವೆಂದುಕೊಂಡಿದ್ದೆ.

ಆ ಕಡೆಯಿಂದ ಚಿಕ್ಕಪ್ಪ ನಕ್ಕ. "ದನಿ ಪಸಂದಾಗಿ ಮಾಡಿದೀಯ ಕಣೋ. ಆದ್ರೆ ಅಣ್ಣ ನನ್ನ ಹತ್ರ ಇಷ್ಟು ಮರ್ಯಾದೆಯಾಗಿ ಯಾವತ್ತೂ ಮಾತಾಡಿಲ್ಲ."

ಹೀಗಿರುವಾಗ ಚಿಕ್ಕಪ್ಪನಿಗೆ ವರ್ಗವಾಯಿತು. ಕಾರ್ಖಾನೆಯವರು ಉತ್ತರದ ಕಡೆ ಎಲ್ಲೋ ಹೊಸ ಘಟಕ ತೆರೆದಿದ್ದರು. ಇವನ ಕೈಚಳಕ ಅಲ್ಲಿಗೆ ಬೇಕಂತೆ. ವಾಪಸು ಯಾವಾಗ ಎಂದು ಯಾರೂ ಹೇಳಲಿಲ್ಲ. ನಾನು ಸುದ್ದಿಯನ್ನು ಎಂದಿನಂತೆ ಮೂಗು ಕೆರೆದುಕೊಂಡು ಅಪ್ಪನಿಗೆ ಒಪ್ಪಿಸಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಅವನಿಗೆ ಹೇಳು..." ಎಂದು ಶುರುಮಾಡಿ, ಮುಂದೆ ಏನೂ ಹೇಳಲಿಲ್ಲ. ನಾನು ಅಂಗಳ ದಾಟಿ ಹೋಗಿ ಅಷ್ಟನ್ನೇ ಒಪ್ಪಿಸಿದೆ. ಚಿಕ್ಕಪ್ಪ ಮೂಗು ಕೆರೆದುಕೊಂಡ. "ಅಷ್ಟೇನಾ?" ಎಂದ.

ಹೊರಡುವ ಭಾನುವಾರ ಬಂತು. ಸಂಜೆಗೆ ರೈಲು. ಬೆಳಿಗ್ಗೆಯೇ ಚಿಕ್ಕಪ್ಪ ಎಲ್ಲರ ಮನೆಗೂ ಹೋಗಿ ಹೇಳಿಬಂದಿದ್ದ, ನಮ್ಮ ಮನೆಯೊಂದನ್ನು ಬಿಟ್ಟು. ಊಟದ ಹೊತ್ತಿಗೆ ಕರೆಂಟು ಹೋಗಿ, ಮೂರು ಗಂಟೆಗೆ ಬಂತು. ಎಲ್ಲರೂ ರಿಸೀವರ್ ಎತ್ತಿಟ್ಟರು. ಅಡುಗೆಮನೆಯಲ್ಲಿ ಅಮ್ಮ ಪ್ರಯಾಣದ ಪುಳಿಯೋಗರೆ ಕಟ್ಟುತ್ತಿದ್ದರು. ಅದು ಸರಿಯಾಗಿದೆಯೇ ಎಂದು ನಾನು ಪದೇ ಪದೇ ಪರೀಕ್ಷಿಸುತ್ತಿದ್ದೆ.

ಅಪ್ಪ ಬಂದರು. ಪೇಪರಿರಲಿಲ್ಲ. ಒಂದು ಲೋಟ ನೀರು ಕುಡಿದರು. ಇನ್ನೊಂದು ಲೋಟ ಕುಡಿದರು. ಬಾಯಾರಿಕೆಯಿಲ್ಲದ ಮನುಷ್ಯ ಎಷ್ಟೆಂದು ಕುಡಿಯುತ್ತಾನೆ? ಮೂರನೆಯದನ್ನು ಅರ್ಧಕ್ಕೇ ಇಟ್ಟು, "ಇದನ್ನ ಹೆಂಗೆ ತಿರುಗಿಸೋದು?" ಎಂದು ಗೋಡೆಯನ್ನು ಕೇಳಿದರು.

ಗೋಡೆಯ ಪರವಾಗಿ ಅಮ್ಮ ಹೇಳಿದರು: "ತೂತಲ್ಲಿ ಬೆರಳಿಟ್ಟು ಬಲಗಡೆಗೆ. ಯಾರಿಗೆ ಮಾಡ್ಬೇಕಿತ್ತು?"

"ಯಾರಿಗೂ ಇಲ್ಲ."

ಅಪ್ಪ ಕಿಟಕಿಗೆ ಬೆನ್ನು ಹಾಕಿ ನಿಂತು ಒಂದನ್ನು ತಿರುಗಿಸಿದರು. ಆಂಟಿಯ ದನಿ ನಮಗೂ ಕೇಳುವಷ್ಟು ಜೋರಾಗಿತ್ತು. "ಯಾರ್ರೀ ಅದು?"

"ರಾಂಗ್ ನಂಬರ್," ಎಂದರು ಅಪ್ಪ.

"ನಿಮ್ಮ ದನಿ ನನಗ ಗೊತ್ತಾಗೂದಿಲ್ಲೇನ್ರೀ ಅಣ್ಣಾರ? ಅವ್ರು ಎಷ್ಟಂತ ನನಗೂ ಗೊತ್ತಿಲ್ರೀ, ಬಾಗಲ್ದಾಗ ಬರದಿಲ್ಲ. ನೀವು ಹಂಗ ಮುಂದಕ್ಕ ಹೋಗ್ರಿ."

ಅಪ್ಪ ಮುಂದಕ್ಕೆ ಹೋದರು. ಎರಡರಲ್ಲಿ ಮಾಲೀಕರು, ತಾವು ಎರಡಾದ ದುಃಖದಲ್ಲಿದ್ದರು. ಮೂರು ತಿರುಗಿಸಿ ಅಪ್ಪ, "ಎಂಗೇಜ್ ಬರ್ತಿದೆ," ಎಂದರು. "ಅದು ನಾವೇ ಕಣ್ರೀ," ಎಂದರು ಅಮ್ಮ. ನಾಲ್ಕು ಮೂಲೆಮನೆಯ ಟೈಲರಿನದು. ಅವನ ಮಗಳು ಎತ್ತಿ, "ಅಪ್ಪ ಮನೇಲಿಲ್ಲ ಅಂತ ಹೇಳು ಅಂದ್ರು," ಎಂದಳು.

ಅಪ್ಪ ಐದನ್ನು ತಿರುಗಿಸಿದರು.

ಅಂಗಳದಾಚೆ ಗಂಟೆ ಬಾರಿಸಿತು. ಕಿಟಕಿಯಲ್ಲಿ ನನಗೆ ಚಿಕ್ಕಪ್ಪ ಕಾಣುತ್ತಿದ್ದ. ಮಂಡಿಯೂರಿ ಹಾಸಿಗೆಗೆ ಹಗ್ಗ ಬಿಗಿಯುತ್ತಿದ್ದವನು ಹಗ್ಗ ಬಿಟ್ಟು, ಕೈ ಒರೆಸಿಕೊಂಡು ಎತ್ತಿದ. "ಹಲೋ."

ಅಪ್ಪ ಗಂಟಲು ಸರಿಮಾಡಿಕೊಂಡರು. ಆ ಕಡೆ ಚಿಕ್ಕಪ್ಪ ಎದ್ದು ನಿಂತ.

"ರಾಂಗ್ ನಂಬರ್," ಎಂದರು ಅಪ್ಪ.

"ಸರಿ," ಎಂದ ಚಿಕ್ಕಪ್ಪ.

ಇಬ್ಬರೂ ಫೋನು ಇಡಲಿಲ್ಲ. ಅಮ್ಮ ಒಲೆ ಆರಿಸಿದರು. ಅಪ್ಪ ಎದುರಿಗಿದ್ದ ಸಾಸಿವೆ ಡಬ್ಬಿಯನ್ನೇ ನೋಡುತ್ತ ಹೇಳಿದರು: "ಅಲ್ಲಿ ಚಳಿ ಜಾಸ್ತಿಯಂತೆ."

ಉತ್ತರ ತಂತಿಯಲ್ಲಿ ಅಪ್ಪನಿಗೆ, ಗಾಳಿಯಲ್ಲಿ ನಮಗೆ, ಒಟ್ಟಿಗೇ ಬಂತು. "ಹಂಗಂತಾರೆ ಅಣ್ಣ."

"ಸ್ವೆಟರ್ ಇದೆಯಾ?"

"ಇದೆ."

"ಯಾವುದು, ಆ ಮೊಣಕೈ ಹರಿದಿರೋದಾ?"

"ಹೂಂ."

"ಅದೊಂದು ಸ್ವೆಟರಾ? ನನ್ನ ಕೋಟು ಕೊಟ್ಟು ಕಳಿಸ್ತೀನಿ. ಹೆಗಲು ನಿನಗೆ ದೊಡ್ಡದಾಗುತ್ತೆ. ಆಗ್ಲಿ, ಒಳಗೆ ಸ್ವೆಟರೂ ಹಾಕ್ಕೋ."

ಚಿಕ್ಕಪ್ಪ ರಿಸೀವರನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿದ. ಅಪ್ಪನ ಈ ದನಿ ನನ್ನ ಗಂಟಲಿನ ಸಂಗ್ರಹದಲ್ಲಿರಲಿಲ್ಲ. ನಾನು ಮೊದಲ ಸಲ ಕೇಳುತ್ತಿದ್ದೆ.

"ನಿಮ್ಮತ್ತಿಗೆ ಹೇಳ್ತಾಳೆ, ನೀನು ತುಂಬ ಇಳಿದುಹೋಗಿದೀಯ ಅಂತ," ಎಂದರು ಅಪ್ಪ.

"ಇಲ್ಲಣ್ಣ, ಹಂಗೇನಿಲ್ಲ."

"ಕಿಟಕಿ ಹತ್ರ ಬಾ."

"ಯಾಕಣ್ಣ?"

"ಬಾ ಅಂದ್ರೆ ಬಾ. ಸ್ವಲ್ಪ ಬೆಳಕಿಗೆ ನಿಂತ್ಕೋ," ಎನ್ನುತ್ತ ಅಪ್ಪ, ಫೋನಿನ ತಂತಿ ತಮ್ಮ ಹೊಟ್ಟೆಗೇ ಸುತ್ತಿಕೊಳ್ಳುತ್ತಿದ್ದರೂ ಲೆಕ್ಕಿಸದೆ, ನಿಧಾನವಾಗಿ ಕಿಟಕಿಯ ಕಡೆ ತಿರುಗಿದರು.